ಒಂದು ಗೆರೆಯವರು

ಗೇಟಿನಿಂದ ಕಾವಲುಗಾರ ಫೋನ್ ಮಾಡಿದಾಗ ಡಾ. ಸರ್ವಮಂಗಳಾ ಪ್ರಯೋಗಾಲಯದಲ್ಲಿ 'ಇಣುಕು' ಎಂಬ ರಕ್ತಪರೀಕ್ಷೆಯ ಹೊಸ ಕಿಟ್‌ಗಳ ತಪಾಸಣೆಯಲ್ಲಿ ಮುಳುಗಿದ್ದಳು.

"ಮೇಡಂ, ಯಾರೋ ಹೆಂಗಸು ಬಂದವ್ರೆ. ಇಣುಕು ಕಿಟ್ ಮಾಡಿದೋರನ್ನೇ ನೋಡಬೇಕಂತೆ. ಬೆಳಿಗ್ಗೆ ಏಳು ಗಂಟೆಯಿಂದ ಕೂತವ್ರೆ, ಎಷ್ಟು ಹೇಳಿದ್ರೂ ಏಳ್ತಿಲ್ಲ."

ಒಳಗೆ ಬಂದವಳು ಐವತ್ತರ ಆಸುಪಾಸಿನ, ಗಟ್ಟಿ ತೋಳಿನ ಹೆಂಗಸು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರು ಬಿಚ್ಚಿ, ಬೆರಳುದ್ದದ ಬಿಳಿ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟಳು. ಪಟ್ಟಿಯ ನಡುವೆ ಒಂದು ನೇರಳೆ ಗೆರೆ. ಪಕ್ಕದಲ್ಲಿ ಕಿಟ್ಟಿನ ಡಬ್ಬಿಯೊಳಗಿನ ಮಡಿಕೆ ಕಾಗದ.

"ಇದ್ರಲ್ಲಿ ನಿಮ್ಮೆಸ್ರು ಐತಂತೆ, ನಮ್ಮ ಮೇಷ್ಟ್ರು ಓದಿ ಹೇಳಿದ್ರು. ನೀವೇ ಅಲ್ವಾ ಇದ್ನ ಕಂಡ್ಹಿಡಿದಿದ್ದು?"

"ಹೌದು."

"ಹಂಗಾರೆ ಈ ಗೆರೆ ಅಳಿಸ್ಕೊಡಿ."

ಅವಳ ಹೆಸರು ಚಿಕ್ಕತಾಯಮ್ಮ. ಹರಳಕೆರೆ ತಾಲ್ಲೂಕಿನ ಗಾಣಸಂದ್ರದ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದವಳು. ಹೋದ ವರ್ಷ ಆರೋಗ್ಯ ಇಲಾಖೆಯವರು ಬಂದು ತಾಲ್ಲೂಕಿನ ಎಲ್ಲ ಅಡುಗೆಯವರ ಬೆರಳು ಚುಚ್ಚಿದ್ದರು. ಫಲಿತಾಂಶ ಅವರವರ ಆರೋಗ್ಯ ಕಾರ್ಡಿಗೆ ಏರಿತ್ತು. ಒಂದು ಗೆರೆಯವರನ್ನು ಅಡುಗೆಮನೆಗೆ ಸೇರಿಸಬಾರದೆಂದು ಈ ಜೂನ್‌ನಲ್ಲಿ ತಾಲ್ಲೂಕು ಪಂಚಾಯ್ತಿಯಿಂದ ಕಾಗದ ಬಂತು. ಮಾರನೆಯ ದಿನ ಶಾಲೆಗೆ ಹೋದರೆ ಒಲೆಯ ಮುಂದೆ ಬೇರೊಬ್ಬಳು ಕೂತಿದ್ದಳು.

"ನಂಗೆ ಕೆಮ್ಮಿಲ್ಲ, ಜ್ವರ ಇಲ್ಲ. ಐವತ್ತು ಕೆಜಿ ಅಕ್ಕಿ ಮೂಟೆ ಒಬ್ಳೇ ಎತ್ತಿ ಹಾಕ್ತೀನಿ. ನೀವೇ ಹೇಳಿ ಮೇಡಮ್ಮೋರೆ, ನಂಗೆ ಏನ್ ಕಾಯಿಲೆ?"

"ಕಾಯಿಲೆ ಇಲ್ಲ ಚಿಕ್ಕತಾಯಮ್ಮ. ಇದರರ್ಥವೇ ಅದು," ಎಂದಳು ಸರ್ವಮಂಗಳಾ.

ಕ್ಷಯದ ಬ್ಯಾಕ್ಟೀರಿಯಾ ಹೊಕ್ಕವರೆಲ್ಲರೂ ಕೆಮ್ಮುವುದಿಲ್ಲ. ಹತ್ತರಲ್ಲಿ ಒಂಬತ್ತು ಜನರ ಶ್ವಾಸಕೋಶದಲ್ಲಿ ರಕ್ತದ ಬಿಳಿ ಕಣಗಳು ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕುತ್ತವೆ. ಒಳಗಿನದು ಮಲಗಿರುತ್ತದೆ, ಮನುಷ್ಯ ಉಣ್ಣುತ್ತ ದುಡಿಯುತ್ತ ಪೂರ್ತಿ ಆಯಸ್ಸು ಬಾಳುತ್ತಾನೆ. ಹತ್ತನೆಯವನಲ್ಲಿ ಮಾತ್ರ ಯಾವತ್ತೋ ಗೋಡೆ ಬಿರುಕು ಬಿಡುತ್ತದೆ. ಅದು ಯಾರಲ್ಲಿ, ಯಾವಾಗ ಎಂದು ಮೊದಲೇ ಹೇಳುವ ಉಪಾಯವನ್ನು ಸರ್ವಮಂಗಳಾ ಹದಿನೆಂಟು ವರ್ಷ ಹುಡುಕಿದ್ದಳು. ಕಾವಲಿರುವ ಬಿಳಿ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತಲೇ ಇರುತ್ತವೆ. ಆ ಸುದ್ದಿಯ ರಾಸಾಯನಿಕಗಳು ರಕ್ತದಲ್ಲಿ ತೇಲುತ್ತವೆ. ಇಣುಕು ಓದುತ್ತಿದ್ದುದು ಅವನ್ನು. ಒಂದು ಹನಿ ರಕ್ತ, ಇಪ್ಪತ್ತು ನಿಮಿಷ. ಗೆರೆ ಇಲ್ಲದಿದ್ದರೆ ಸೋಂಕಿಲ್ಲ. ಒಂದು ಗೆರೆ ಬಂದರೆ ಸೋಂಕು ಮಲಗಿದೆ, ಯಾರಿಗೂ ಅಂಟುವುದಿಲ್ಲ. ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಮಾತ್ರೆ ನುಂಗಿದರೆ ಮಲಗಿದ್ದಲ್ಲೇ ಸಾಯುತ್ತದೆ. ಎರಡು ಗೆರೆಯೆಂದರೆ ಗೋಡೆ ಬಿರುಕು ಬಿಟ್ಟಿದೆ, ತಕ್ಷಣ ಪೂರ್ತಿ ಚಿಕಿತ್ಸೆ ಬೇಕು.

"ಮಾತ್ರೆ ಕೊಟ್ರಾ ನಿಮಗೆ?"

"ಯಾವ ಮಾತ್ರೆ?"

ಕಿಟ್ ಮತ್ತು ಮಾತ್ರೆ ಒಂದೇ ಡಬ್ಬಿಯಲ್ಲಿ ಹೋಗಬೇಕು ಎಂದು ಸರ್ವಮಂಗಳಾ ಸರ್ಕಾರಕ್ಕೆ ಕೊಟ್ಟ ಯೋಜನೆಯ ಮೊದಲ ಪುಟದಲ್ಲೇ ಬರೆದಿದ್ದಳು. "ಹೋಗಲಿ, ಮಾತ್ರೆ ನಾನು ಕೇಳಿ ತರಿಸ್ತೀನಿ."

"ಮಾತ್ರೆ ನುಂಗಿದ್ರೆ ಗೆರೆ ಹೋಗ್ತದಾ?"

ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಬಿಳಿ ಕಣಗಳು ಅದನ್ನು ಮರೆಯುವುದಿಲ್ಲ, ಜೀವನಪೂರ್ತಿ ಅದೇ ಗೆರೆ ತೋರಿಸುತ್ತಿರುತ್ತವೆ. ತನ್ನ ಸಂಶೋಧನಾ ಪ್ರಬಂಧದ ಹದಿನಾಲ್ಕನೇ ಪುಟದಲ್ಲಿ 'ಒಂದು ಸಣ್ಣ ಮಿತಿ' ಎಂದು ಒಂದೇ ಸಾಲಿನಲ್ಲಿ ಅದನ್ನು ಬರೆದು ಮುಗಿಸಿದ್ದಳು. ಆ ಸಾಲನ್ನು ಈಗ ಈ ಹೆಂಗಸಿನ ಮುಖ ನೋಡಿಕೊಂಡು ಹೇಳಬೇಕಾಯಿತು.

ಚಿಕ್ಕತಾಯಮ್ಮ ಪಟ್ಟಿಯನ್ನು ಮತ್ತೆ ಕವರಿಗೆ ಹಾಕಿಕೊಂಡಳು. "ಅಂದ್ರೆ ವಾಸಿಯಾದ್ರೂ ನಾನು ಒಂದು ಗೆರೆಯೋಳೇ. ಚೆನ್ನಾಗಿ ಮಾಡಿದ್ದೀರಿ ಬಿಡಿ," ಎಂದಳು.

ಅದು ಬೈಗುಳಕ್ಕಿಂತ ಕೆಟ್ಟದಾಗಿ ನಾಟಿತು.

*

ಯೋಜನೆಯ ಕಚೇರಿ ಬೆಂಗಳೂರಿನಲ್ಲಿತ್ತು. ಅಲ್ಲಿನ ದೊಡ್ಡ ಕೋಣೆಯನ್ನು ಎಲ್ಲರೂ ವಾರ್ ರೂಮ್ ಎನ್ನುತ್ತಿದ್ದರು. ಗೋಡೆಯಷ್ಟು ಅಗಲದ ಪರದೆಯ ಮೇಲೆ ರಾಜ್ಯದ ನಕ್ಷೆ, ಮುಂದೆ ಇಪ್ಪತ್ತು ಕಂಪ್ಯೂಟರು. ಪರೀಕ್ಷೆ ಮುಗಿದ ತಾಲ್ಲೂಕು ಬೂದು ಬಣ್ಣದಿಂದ ಹಸಿರಿಗೆ ತಿರುಗುತ್ತಿತ್ತು. ನಿರ್ದೇಶಕ ಪರಮಶಿವಯ್ಯ ಹಸಿರನ್ನು ತೋರಿಸಿ, "ನೋಡಿ ಮೇಡಂ, ನಿಮ್ಮ ಮಗು ಹೇಗೆ ಬೆಳೆದಿದೆ," ಎಂದ.

"ಹಸಿರು ಅಂದ್ರೆ ಏನು ಸಾರ್? ಮಾತ್ರೆ ತಲುಪಿದೆ ಅಂತಾನಾ?"

"ಪರೀಕ್ಷೆ ಗುರಿ ಮುಟ್ಟಿದೆ ಅಂತ. ಮಾತ್ರೆ ಎರಡನೇ ಹಂತ."

"ಎರಡನೇ ಹಂತ ಯಾವಾಗ?"

"ಪ್ರಕ್ರಿಯೆಯಲ್ಲಿದೆ."

ಗಾಣಸಂದ್ರದ ವಿಷಯ ಹೇಳಿದಾಗ ಅವನು ಎರಡೂ ಕೈ ಮೇಲೆತ್ತಿದ. "ಕೆಲಸದಿಂದ ತೆಗೀರಿ ಅಂತ ನಾವು ಯಾರಿಗೂ ಹೇಳಿಲ್ಲ. ಫಲಿತಾಂಶ ಕಾರ್ಡಿಗೆ ಹಾಕಿದ್ದೀವಿ, ಅಷ್ಟೇ. ಶಾಲೆಯವರು ನೋಡ್ತಾರೆ, ಗಾರ್ಮೆಂಟ್ಸ್‌ನವರು ನೋಡ್ತಾರೆ. ಜನಕ್ಕೆ ಭಯ ಇರುತ್ತೆ, ನಾವೇನು ಮಾಡೋಕಾಗುತ್ತೆ?"

"ಒಂದು ಗೆರೆ ಅಂಟೋದಿಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದುಕೊಟ್ಟಿದ್ದೆ. ಅದನ್ನಾದರೂ ಕಾರ್ಡಿಗೆ ಹಾಕಬಹುದಿತ್ತಲ್ಲ?"

"ಜಾಗ ಇರಲಿಲ್ಲ ಮೇಡಂ."

ಸರ್ವಮಂಗಳಾ ಪರದೆಯ ಅಂಚಿನಲ್ಲಿದ್ದ ಪಟ್ಟಿಯನ್ನು ಓದತೊಡಗಿದಳು. ಕಡ್ಡಾಯ ಪರೀಕ್ಷೆಯ ಗುಂಪುಗಳು: ಬಿಸಿಯೂಟದ ಅಡುಗೆಯವರು, ಪೌರಕಾರ್ಮಿಕರು, ಅಂಗನವಾಡಿ ಸಹಾಯಕಿಯರು, ಹಾಸ್ಟೆಲ್ ಆಯಾಗಳು, ಗಾರ್ಮೆಂಟ್ಸ್ ಕೆಲಸಗಾರರು. ಪಟ್ಟಿ ಅಲ್ಲಿಗೇ ನಿಂತಿತ್ತು.

"ಮೇಷ್ಟ್ರುಗಳು? ಅಧಿಕಾರಿಗಳು? ನೀವು?"

"ನಮ್ಮದು ಸ್ವಇಚ್ಛೆ."

"ಎಷ್ಟು ಜನ ಮಾಡಿಸಿಕೊಂಡಿದ್ದಾರೆ?"

ಪರಮಶಿವಯ್ಯ ಕಂಪ್ಯೂಟರಿನ ಹುಡುಗಿಯ ಕಡೆ ನೋಡಿದ. ಅವಳು ಕೀಲಿ ಒತ್ತಿ, ಮೆತ್ತಗೆ, "ಇಡೀ ರಾಜ್ಯದಲ್ಲಿ ಹನ್ನೊಂದು, ಸಾರ್," ಎಂದಳು.

ಸೋಂಕು ಗಾಳಿಯಲ್ಲಿ ಬರುತ್ತದೆ. ಬಸ್ಸಿನಲ್ಲಿ, ಸಿನಿಮಾ ಮಂದಿರದಲ್ಲಿ, ಕೋರ್ಟಿನಲ್ಲಿ, ಮದುವೆ ಮನೆಯಲ್ಲಿ ಉಸಿರಾಡಿದವರಿಗೆಲ್ಲ ಬರುತ್ತದೆ. ಈ ದೇಶದ ಮೂವರಲ್ಲಿ ಒಬ್ಬರಿಗೆ ಆ ಗೆರೆ ಇರಬಹುದೆಂದು ಅವಳ ಲೆಕ್ಕ ಹೇಳುತ್ತಿತ್ತು. ಆದರೆ ಇವರು ಗೆರೆ ಹುಡುಕಿದ್ದು, ಬೆರಳು ಚಾಚು ಎಂದರೆ ಚಾಚುವವರಲ್ಲಿ ಮಾತ್ರ. ಕಾಫಿ ಬಂತು. ಅವಳು ಮುಟ್ಟದೆ ಎದ್ದಳು.

*

ಆ ಶನಿವಾರ ಅವಳು ಗಾಣಸಂದ್ರಕ್ಕೆ ಹೋದಳು. ಚಿಕ್ಕತಾಯಮ್ಮನ ಮನೆ ಊರಿನ ಕೊನೆಯಲ್ಲಿ, ಹಾಲಿನ ಡೈರಿಯ ಹಿಂದೆ. ಜಗಲಿಯ ಮೇಲೆ ಒಂದು ಸ್ಟೀಲು ತಟ್ಟೆ, ಒಂದು ಲೋಟ ಬೇರೆಯಾಗಿ ಬೋರಲು ಹಾಕಿದ್ದವು. ಯಾರದೆಂದು ಕೇಳಬೇಕಾಗಿರಲಿಲ್ಲ. ಒಳಗೆ ತೊಟ್ಟಿಲಲ್ಲಿ ಮಗು ಅಳುತ್ತಿತ್ತು. ಚಿಕ್ಕತಾಯಮ್ಮ ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದಿಟ್ಟು ಬಾಗಿಲಲ್ಲೇ ನಿಂತಳು. ಸೊಸೆ ಬಂದು ಮಗುವನ್ನು ಎತ್ತಿಕೊಂಡಳು.

"ಅವಳ್ನ ಅನ್ನಬೇಡಿ," ಎಂದಳು ಚಿಕ್ಕತಾಯಮ್ಮ, ಸರ್ವಮಂಗಳಾ ಬಾಯಿ ತೆರೆಯುವ ಮೊದಲೇ. "ಸರ್ಕಾರನೇ ಅಡುಗೆಮನೆಯಿಂದ ಎಬ್ಬಿಸ್ತು ಅಂದ್ರೆ ಮನೆಯೋರು ಏನಂದ್ಕಬೇಕು? ಹೆದರ್ಕಂಡವಳೆ, ಪಾಪ."

ಸರ್ವಮಂಗಳಾ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅರ್ಧ ಗಂಟೆ ಹೇಳಿದಳು. ಹುಡುಗಿ ಎಲ್ಲವನ್ನೂ ಕೇಳಿ, "ಹಂಗಿದ್ರೆ ನಮ್ಮತ್ತೇನ ಯಾಕೆ ತೆಗೆದ್ರು ಮೇಡಂ?" ಎಂದಳು.

ತಾಲ್ಲೂಕಿನಲ್ಲಿ ಹೀಗೆ ತೆಗೆದುಹಾಕಿದ ಅಡುಗೆಯವರು ಮೂವತ್ತೆಂಟು ಜನ. ಸೋಮವಾರ ಎಲ್ಲರೂ ತಾಲ್ಲೂಕು ಪಂಚಾಯ್ತಿ ಕಚೇರಿಯ ಮುಂದೆ ಕೂರುವುದೆಂದು ಆಗಲೇ ಮಾತಾಗಿತ್ತು.

"ಕೂತು ಏನು ಕೇಳ್ತೀರಿ?"

"ಏನೂ ಕೇಳಕ್ಕಿಲ್ಲ. ಅವ್ರೂ ಬೆರಳು ಕೊಡ್ಲಿ ಅಂತೀವಿ. ನೀವು ಆ ಡಬ್ಬಿ ತಕ್ಕಂಡು ಬನ್ನಿ."

ಪ್ರಯೋಗಾಲಯದ ಕಿಟ್‌ಗಳನ್ನು ಹೊರಗೆ ಒಯ್ಯಲು ಅನುಮತಿ ಬೇಕಿತ್ತು. ಸರ್ವಮಂಗಳಾ ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ತಪಾಸಣೆಗೆಂದು ತೆಗೆದಿಟ್ಟಿದ್ದ ಇನ್ನೂರು ಕಿಟ್‌ಗಳನ್ನು ಕಾರಿಗೆ ಹಾಕಿಸಿಕೊಂಡು ಹೊರಟಳು.

*

ಕಚೇರಿಯ ಜಗಲಿಯ ಮೇಲೆ ಒಂದು ಮೇಜು, ಹಿಂದೆ ಸರ್ವಮಂಗಳಾ. ಪಕ್ಕದಲ್ಲಿ ಸಾಕಮ್ಮ ಎಂಬ ಅಡುಗೆಯವಳು ನೋಟ್‌ಬುಕ್ಕು ಹಿಡಿದು ಕೂತಳು. ಇಪ್ಪತ್ತಾರು ವರ್ಷದ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಅಕ್ಷರ ದುಂಡಗಿತ್ತು. ಯಾರಿಗೂ ಬಲವಂತವಿಲ್ಲ, ಅವರವರ ಫಲಿತಾಂಶ ಅವರವರ ಕೈಗೆ ಎಂದು ಸರ್ವಮಂಗಳಾ ಮೊದಲೇ ಸಾರಿದಳು. ಉಳಿದ ಮೂವತ್ತೇಳು ಹೆಂಗಸರು ಮೆಟ್ಟಿಲ ಎರಡೂ ಬದಿ ಸಾಲಾಗಿ ಕೂತಿದ್ದರು. ಘೋಷಣೆ ಇಲ್ಲ, ಮೈಕಿಲ್ಲ. ಒಳಗೆ ಹೋಗುವ ಪ್ರತಿಯೊಬ್ಬನಿಗೂ ಚಿಕ್ಕತಾಯಮ್ಮ ಒಂದೇ ಮಾತು ಹೇಳುತ್ತಿದ್ದಳು: "ನಾವು ಕೊಟ್ಟಿದ್ದೀವಿ ಸ್ವಾಮಿ. ನೀವೂ ಒಂದು ಹನಿ ಕೊಟ್ಟು ಹೋಗಿ."

ಗುಮಾಸ್ತರು ಜೇಬಿಗೆ ಕೈ ತುರುಕಿಕೊಂಡು ಒಳಗೆ ನುಸುಳಿದರು. ಶಿಕ್ಷಣಾಧಿಕಾರಿಗೆ ಆ ಹೊತ್ತಿಗೇ ಬೇರೆಲ್ಲೋ ತುರ್ತು ಸಭೆ ಬಂತು. ಕಂಟ್ರಾಕ್ಟರನೊಬ್ಬ, "ನಾವೇನು ಅಡುಗೆಯೋರಾ?" ಎಂದ.

"ಉಣ್ಣೋರು ತಾನೇ?" ಎಂದಳು ಸಾಕಮ್ಮ ತಲೆಯೆತ್ತದೆ.

ಹನ್ನೊಂದೂವರೆಯವರೆಗೆ ಬೆರಳು ಕೊಟ್ಟವರು ಇಬ್ಬರೇ, ಒಬ್ಬ ಮುದುಕ ಜವಾನ ಮತ್ತು ಬಂದೋಬಸ್ತಿಗೆ ಬಂದಿದ್ದ ಮಹಿಳಾ ಪೇದೆ. ಆಗ ಒಳಗಿನಿಂದ ಕಾರ್ಯನಿರ್ವಹಣಾಧಿಕಾರಿ ಝೀನತ್ ಬಾನು ಹೊರಗೆ ಬಂದಳು. ಮೂವತ್ತೈದರ ಹೆಂಗಸು, ಹರಳಕೆರೆಗೆ ಬಂದು ವರ್ಷವಾಗಿತ್ತು. ಅಡುಗೆಯವರನ್ನು ತೆಗೆಯುವ ಕಾಗದಕ್ಕೆ ಸಹಿ ಹಾಕಿದ್ದವಳು ಅವಳೇ.

"ಡಾಕ್ಟರ್, ಇದು ಯಾವ ಆದೇಶದ ಮೇಲೆ ನಡೀತಿದೆ?"

"ಯಾವ ಆದೇಶವೂ ಇಲ್ಲ. ನೀವು ಇವರನ್ನ ತೆಗೆಯೋದಕ್ಕೆ ಯಾವ ಆದೇಶ ಇತ್ತು?"

ಝೀನತ್‌ಗೆ ಮೇಲಿನಿಂದ ಬಂದದ್ದು ಒಂದು ಫೋನ್ ಕರೆ. ಲಿಖಿತವಾಗಿ ಏನೂ ಇರಲಿಲ್ಲ. ಅವಳು ಮೆಟ್ಟಿಲ ಮೇಲಿನ ಮುಖಗಳನ್ನು ನೋಡಿದಳು. ಆಮೇಲೆ ಕೈಗಡಿಯಾರ ಸರಿಸಿ ಬೆರಳು ಚಾಚಿದಳು.

ಇಪ್ಪತ್ತು ನಿಮಿಷ ಅವಳು ಅಲ್ಲೇ ನಿಂತಿದ್ದಳು. ಪಟ್ಟಿಯ ಮೇಲೆ ನೇರಳೆ ಬಣ್ಣ ಮೊದಲು ಮಸುಕಾಗಿ, ಆಮೇಲೆ ಸ್ಪಷ್ಟವಾಗಿ ಕಟ್ಟಿತು. ಒಂದು ಗೆರೆ. ಸರ್ವಮಂಗಳಾ ಅದನ್ನು ಅಂಗೈಯಿಂದ ಮುಚ್ಚಿ ಕೊಡಲು ಹೋದಳು. ಝೀನತ್ ಅದನ್ನು ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಹಿಡಿದಳು.

ಚಿಕ್ಕತಾಯಮ್ಮ ಎದ್ದು ನಿಂತಳು.

"ಅಮ್ಮಾವ್ರೆ, ಈಗ ನಿಮ್ಮನ್ನ ಯಾರಾದ್ರೂ ಕುರ್ಚಿಯಿಂದ ಎಬ್ಬಿಸ್ತಾರಾ?"

"ಇಲ್ಲ."

"ನಿಮ್ಮ ಕುರ್ಚಿ ನಿಮಗೆ ಉಳೀತಲ್ಲ, ನನ್ನ ಸೌಟು ನಂಗೆ ಕೊಡ್ಸಿ."

ಝೀನತ್ ಒಳಗೆ ಹೋದಳು. ಸಂಜೆಯೊಳಗೆ ಮೂವತ್ತೆಂಟು ಜನರನ್ನೂ ಕೆಲಸಕ್ಕೆ ಮರಳಿ ಸೇರಿಸುವ ಕಾಗದ ಹೊರಬಿತ್ತು. ಅಷ್ಟರಲ್ಲಿ ಜಗಲಿಯ ಮುಂದೆ ಸಾಲು ಬೆಳೆದಿತ್ತು: ಇಂಜಿನಿಯರು, ವಕೀಲರು, ಬೆಳಿಗ್ಗೆ ನುಸುಳಿದ್ದ ಗುಮಾಸ್ತರು, ಕೊನೆಗೆ ಆ ಕಂಟ್ರಾಕ್ಟರನೂ. ಅರವತ್ತೊಂದು ಜನ ಬೆರಳು ಕೊಟ್ಟರು. ಹತ್ತೊಂಬತ್ತು ಜನರಿಗೆ ಒಂದು ಗೆರೆ ಬಂತು. ಸಾಕಮ್ಮ ಸಂಖ್ಯೆ ಮಾತ್ರ ಬರೆದುಕೊಂಡು, ಹೆಸರಿದ್ದ ಹಾಳೆಗಳನ್ನು ಹರಿದು ಸರ್ವಮಂಗಳಾಳ ಕೈಗೆ ಕೊಟ್ಟಳು.

"ನಮ್ಮೆಸ್ರು ಊರಿಗೆಲ್ಲ ಹೇಳಿದ್ರು. ನಾವು ಹಂಗೆ ಮಾಡಕ್ಕಿಲ್ಲ," ಎಂದಳು.

*

ಗುರುವಾರ ಸರ್ವಮಂಗಳಾಳಿಗೆ ಮೆಮೊ ಬಂತು: ಅನುಮತಿಯಿಲ್ಲದೆ ಇನ್ನೂರು ಕಿಟ್ ಒಯ್ದದ್ದೇಕೆ, ಏಳು ದಿನದೊಳಗೆ ವಿವರಣೆ ಕೊಡಬೇಕು. ಅದಕ್ಕೆ ಅವಳು ಉತ್ತರ ಬರೆಯುತ್ತಿದ್ದಾಗ ಝೀನತ್‌ಳ ಫೋನ್ ಬಂತು.

"ಡಾಕ್ಟರ್, ನನಗೆ ಮಾತ್ರೆ ಬಂದಿದೆ. ಬೆಂಗಳೂರಿಂದ, ಕೊರಿಯರ್‌ನಲ್ಲಿ, ಮನೆಗೇ. ನಾನು ಕೇಳಿರಲಿಲ್ಲ, ಗೆರೆ ಬಂದ ಸುದ್ದಿ ಅಲ್ಲಿಗೆ ಮುಟ್ಟಿರಬೇಕು."

"ಅಡುಗೆಯವರಿಗೆ?"

"ಇಲ್ಲ. ನನ್ನ ಹೆಸರಿಗೆ ಒಂದೇ ಪ್ಯಾಕೆಟ್."

ಸರ್ವಮಂಗಳಾ ಪ್ಯಾಕೆಟ್ಟಿನ ಫೋಟೊ ಕಳಿಸಲು ಹೇಳಿದಳು. ತಯಾರಾದ ತಾರೀಖನ್ನು ಎರಡು ಸಲ ಓದಿದಳು. ಒಂದೂವರೆ ವರ್ಷದ ಹಿಂದೆ ತಯಾರಾಗಿ ಎಲ್ಲೋ ಬಿದ್ದಿದ್ದ ಮಾತ್ರೆ. ಅವಧಿ ಮುಗಿಯಲು ನಾಲ್ಕು ತಿಂಗಳು ಉಳಿದಿತ್ತು.

ಮರುದಿನ ವಾರ್ ರೂಮಿನಲ್ಲಿ ಅವಳು ಆ ಫೋಟೊವನ್ನು ಪರಮಶಿವಯ್ಯನ ಮುಂದಿಟ್ಟಳು. ಅವನು ಬಹಳ ಹೊತ್ತು ಕನ್ನಡಕ ಒರೆಸಿದ.

"ಗೋದಾಮಿನಲ್ಲಿ ಇದೆ ಮೇಡಂ. ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ, ಪ್ರಕ್ರಿಯೆಯಲ್ಲಿದೆ ಅಂದೆ."

"ಯಾವ ಪ್ರಕ್ರಿಯೆ?"

"ಎರಡನೇ ಹಂತದ ಉದ್ಘಾಟನೆ. ಮಂತ್ರಿಗಳ ದಿನಾಂಕ ಸಿಕ್ಕಿಲ್ಲ. ಎರಡು ಸಲ ಬ್ಯಾನರ್ ಹೊಡೆಸಿದ್ವಿ, ಎರಡು ಸಲವೂ ಮುಂದಕ್ಕೆ ಹೋಯ್ತು."

"ಬ್ಯಾನರ್‌ಗೋಸ್ಕರ ಮಾತ್ರೆಗೆ ಬೀಗ ಹಾಕಿದ್ದೀರಾ? ಜನರ ಒಳಗಿರೋದು ನಿಮ್ಮ ಮಂತ್ರಿಯ ದಿನಾಂಕ ಕೇಳ್ಕೊಂಡು ಮಲಗಿರುತ್ತಾ?"

"ಮೇಡಂ, ಧ್ವನಿ..."

"ಮುಂದಿನ ತಿಂಗಳ ಕಿಟ್‌ಗಳಿಗೆ ನಾನು ಸಹಿ ಹಾಕೋದಿಲ್ಲ. ನನ್ನ ಸಹಿ ಇಲ್ಲದೆ ಒಂದು ಡಬ್ಬಿಯೂ ಹೊರಗೆ ಹೋಗೋ ಹಾಗಿಲ್ಲ ಅನ್ನೋದು ನಿಮ್ಮದೇ ನಿಯಮ."

ಅವನು ಮೊದಲ ಬಾರಿಗೆ ಗಂಭೀರನಾದ. "ಯೋಚನೆ ಮಾಡಿ. ಕಿಟ್ ನಿಂತರೆ ಎರಡು ಗೆರೆಯವರು ಸಿಗೋದಿಲ್ಲ. ಅವರು ಕೆಮ್ಮಿ ಇನ್ನೂ ನಾಲ್ಕು ಜನಕ್ಕೆ ಹಚ್ಚುತ್ತಾರೆ. ಆ ಪಾಪ ಯಾರದು?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನೂರು ಪಟ್ಟಿಗಳಲ್ಲಿ ಒಂದಾದರೂ ಎರಡು ಗೆರೆಯದಿರುತ್ತದೆ, ಅದನ್ನು ಹಿಡಿಯುವುದಕ್ಕೇ ಅವಳು ಹದಿನೆಂಟು ವರ್ಷ ತೆತ್ತಿದ್ದಳು. ಆದರೂ ಹಿಂದೆ ಸರಿಯಲಿಲ್ಲ.

"ಬೀಗ ನಿಮ್ಮ ಕೈಲಿದೆ, ಪೆನ್ನು ನನ್ನ ಕೈಲಿದೆ. ನೀವು ಇವತ್ತು ತೆಗೆದರೆ ನಾನು ಇವತ್ತೇ ಹಾಕ್ತೀನಿ. ತಡವಾದಷ್ಟೂ ದಿನದ ಪಾಪ ಹಂಚಿಕೊಳ್ಳೋಣ. ಪತ್ರಿಕೆಯವರಿಗೆ ಮಾತ್ರ ನಾನೊಬ್ಬಳೇ ಹೇಳ್ತೀನಿ."

ನಾಲ್ಕನೆಯ ದಿನ ಗೋದಾಮಿನಿಂದ ಲಾರಿಗಳು ಹೊರಟವು. ಉದ್ಘಾಟನೆ ಆಗಲಿಲ್ಲ. ಒಂದು ಗೆರೆಯ ಫಲಿತಾಂಶವನ್ನು ಕಾರ್ಡಿನಿಂದ ತೆಗೆಯಬೇಕೆಂದು ಸುತ್ತೋಲೆಯೂ ಬಂತು. ಸರ್ವಮಂಗಳಾ ಅಂದೇ ಕಿಟ್‌ಗಳಿಗೆ ಸಹಿ ಹಾಕಿದಳು. ಮೆಮೊಗೆ, 'ಹೌದು, ಒಯ್ದಿದ್ದೇನೆ,' ಎಂದು ಒಂದೇ ಸಾಲಿನ ಉತ್ತರ ಕಳಿಸಿದಳು.

*

ಹರಳಕೆರೆಯ ಅಡುಗೆಯವರಿಗೆ ಮಾತ್ರೆ ಕೊಟ್ಟದ್ದು ಗಾಣಸಂದ್ರದ ಶಾಲೆಯಲ್ಲಿ. ಮಾತ್ರೆ ಶುರು ಮಾಡುವ ಮೊದಲು ಪ್ರತಿಯೊಬ್ಬರ ರಕ್ತವನ್ನೂ ಮತ್ತೊಮ್ಮೆ ನೋಡಬೇಕಿತ್ತು. ಹೋದ ವರ್ಷ ಮಲಗಿದ್ದದ್ದು ಈಗಲೂ ಮಲಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು. ಶಾಲೆಯ ಮಕ್ಕಳಲ್ಲಿ ಕೆಲವರು ಇನ್ನೂ ಮನೆಯಿಂದ ಊಟದ ಡಬ್ಬಿ ತರುತ್ತಿದ್ದರು. ಚಿಕ್ಕತಾಯಮ್ಮ ಅದನ್ನು ಗಮನಿಸದವಳಂತೆ ಉಳಿದವರಿಗೆ ಸಾರು ಬಡಿಸುತ್ತಿದ್ದಳು.

ಮೂವತ್ತೇಳು ಪಟ್ಟಿಗಳ ಮೇಲೆ ಒಂದೊಂದೇ ಗೆರೆ. ಸಾಕಮ್ಮನ ಪಟ್ಟಿಯ ಮೇಲೆ ಎರಡು.

ಸರ್ವಮಂಗಳಾ ಇನ್ನೊಂದು ಕಿಟ್ ಒಡೆದು ಮತ್ತೆ ಚುಚ್ಚಿದಳು. ಎರಡು. ಹದಿನೈದು ದಿನದಿಂದ ಸಂಜೆ ಮೈ ಬೆಚ್ಚಗಾಗುತ್ತಿತ್ತೆಂದೂ ಬಿಸಿಲಿಗೆ ಇರಬೇಕು ಅಂದುಕೊಂಡೆನೆಂದೂ ಸಾಕಮ್ಮ ಹೇಳಿದಳು. ಮನೆಯಲ್ಲಿ ಮೂರು ವರ್ಷದ ಮಗಳಿದ್ದಳು.

"ಹನ್ನೆರಡು ವಾರದ ಮಾತ್ರೆ ನಿಮಗಲ್ಲ," ಎಂದಳು ಸರ್ವಮಂಗಳಾ. "ಆರು ತಿಂಗಳು ಪೂರ್ತಿ ಚಿಕಿತ್ಸೆ. ಇವತ್ತೇ ಶುರು. ವಾಸಿಯಾಗುತ್ತೆ, ಖಂಡಿತ ಆಗುತ್ತೆ. ಮಗಳನ್ನೂ ಇವತ್ತೇ ನೋಡ್ತೀನಿ."

ಸಾಕಮ್ಮ ಅಳಲಿಲ್ಲ. ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮೇಡಮ್ಮೋರೆ, ಹೋದ್ವರ್ಷ ಬೆರಳು ಚುಚ್ಚಿದ ದಿನನೇ ಮಾತ್ರೆ ಕೊಟ್ಟಿದ್ರೆ ಇದು ಬರ್ತಿತ್ತಾ?"

ಸಮಾಧಾನದ ಮಾತುಗಳು ಸರ್ವಮಂಗಳಾಳ ನಾಲಿಗೆಯ ತುದಿಗೆ ಬಂದವು. ಅವಳು ಅವನ್ನು ನುಂಗಿಕೊಂಡಳು.

"ನೂರಕ್ಕೆ ತೊಂಬತ್ತು ಪಾಲು ಬರ್ತಿರಲಿಲ್ಲ."

"ಅದ್ನ ಬರ್ದು ಕೊಡಿ."

ಸರ್ವಮಂಗಳಾ ಮೇಷ್ಟರ ಮೇಜಿನ ಮುಂದೆ ಕೂತು ತನ್ನ ಹೆಸರಿದ್ದ ಹಾಳೆಯ ಮೇಲೆ ಬರೆದಳು: ಸಾಕಮ್ಮನಿಗೆ ಒಂದು ಗೆರೆ ಕಂಡ ದಿನ, ಮಾತ್ರೆ ಗೋದಾಮಿಗೆ ಬಂದ ದಿನ, ಗೋದಾಮಿನ ಬೀಗ ತೆಗೆದ ದಿನ, ಎರಡು ಗೆರೆ ಕಂಡ ಈ ದಿನ. ಸಕಾಲದಲ್ಲಿ ಕೊಟ್ಟಿದ್ದರೆ ಈ ಕಾಯಿಲೆ ಬಹುತೇಕ ಖಚಿತವಾಗಿ ತಪ್ಪುತ್ತಿತ್ತು ಎಂದು ಕೆಳಗೆ ಸೇರಿಸಿ ಸಹಿ ಹಾಕಿದಳು.

ಸಾಕಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು. ಅಡುಗೆಯವರೆಲ್ಲ ಸುತ್ತ ನಿಂತು ಕೇಳಿದರು. ಓದಿ ಮುಗಿಸಿ ಅವಳು ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಬೀಗ ಹಾಕಿದ್ದೋರ ಹೆಸ್ರೇ ಇಲ್ವಲ್ಲ ಇದ್ರಲ್ಲಿ?"

ಸರ್ವಮಂಗಳಾ ಪೆನ್ನಿನ ಮುಚ್ಚಳ ತೆಗೆದು ಪರಮಶಿವಯ್ಯನ ಹೆಸರನ್ನೂ ಬರೆದಳು.